ಗುಡೂರಿನಲ್ಲಿ ಇಳಿದವಳು

ಬಾದಾಮಿಯಿಂದ ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಫೋನು ಹಿಡಿದು ಕೂತಿದ್ದೆ. ಪೈಲಟ್ ಆಗಿರುವ ಮೊಮ್ಮಗಳು ಶಿವಲೀಲಾ ಇವತ್ತೇ ಮೊದಲ ಸಲ ಲೇಹ್‌ನಿಂದ ಶ್ರೀನಗರಕ್ಕೆ ವಿಮಾನ ಹಾರಿಸುತ್ತಿದ್ದಳು. "ತಾಸಿನೊಳಗ ಮುಟ್ತೇನಿ ಆಯಿ," ಎಂದಿದ್ದಳು. ನಮ್ಮ ಬಸ್ಸಿಗೆ ಗುಡೂರು ಮುಟ್ಟಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದರೆ ನಮ್ಮ ದಾರಿಯಲ್ಲಿ ಹೊಲ, ಊರು ಇವೆ. ಅವಳ ಕೆಳಗೆ ಬರೀ ಹಿಮದ ಗುಡ್ಡ. ನಡುವೆ ನಿಲ್ಲಿಸಲು ಜಾಗವೇ ಇಲ್ಲ. ಅದನ್ನೇ ನೆನೆದು ಮತ್ತೆ ಮತ್ತೆ ಫೋನು ನೋಡುತ್ತಿದ್ದೆ.

ಬಸ್ಸು ಗುಡೂರಿನಲ್ಲಿ ನಿಂತಾಗ ಫೋನು ಬಂತು. "ಇಳದೇನಿ ಆಯಿ!"

"ನನ್ನ ಮೊಮ್ಮಗಳು ಇಳದ್ಲು!" ಎಂದು ಕೂಗಿಬಿಟ್ಟೆ.

ಕಂಡಕ್ಟರ್ ಬಾಗಿಲಾಚೆ ಇಣುಕಿದ. "ಯಾರೂ ಕಾಣವಲ್ರಲ್ಲ ಯಮ್ಮಾ. ಎಲ್ಲಿ ಇಳದ್ಲು?"

"ಶ್ರೀನಗರದಾಗೋ ತಮ್ಮಾ!"

"ಅಷ್ಟ್ ದೂರ? ಹೆಣ್ಣುಡುಗಿ, ಯಾರ ಜೋಡಿ ಹೋಗ್ಯಾಳ?"

"ವಿಮಾನದ ತುಂಬ ಮಂದೀನ ತಾನ ಕರಕೊಂಡು ಹೋಗ್ಯಾಳೋ!"