ಅಮ್ಮ ದಾಟಿಸಿದ ಪ್ರಶ್ನೆ

ಅಮ್ಮ ಓದಿದ್ದು ಒಂಬತ್ತನೇ ತರಗತಿಯವರೆಗೆ. ಅಲ್ಲಿಗೆ ಬಿಡಿಸಿದ ಸಿಟ್ಟು ಅವಳಲ್ಲಿ ಕಡೆಯವರೆಗೂ ಆರಲಿಲ್ಲ. ರದ್ದಿ ಅಂಗಡಿಯವನ ಪ್ರಾಣ ತಿಂದು ವಿಶ್ವಕೋಶದ ಮೂರು ಬಿಡಿ ಸಂಪುಟಗಳನ್ನು ತಂದಿಟ್ಟಿದ್ದಳು. ಮೂರರಲ್ಲೂ ಸೇರಿ ಇದ್ದದ್ದು ‘ಕ’ದಿಂದ ‘ಜ’ವರೆಗಿನ ವಿಷಯಗಳು. ಹಾಗಾಗಿ ಕಪ್ಪೆ, ಗಡಿಯಾರ, ಚಂದ್ರ, ಜೇಡ ಇವುಗಳ ಬಗ್ಗೆ ನನ್ನನ್ನೂ ಅಕ್ಕನನ್ನೂ ಯಾರೂ ಅಲ್ಲಾಡಿಸುವಂತಿರಲಿಲ್ಲ. ಆನೆಯ ವಿಷಯ ಬೇಕೆಂದರೆ ಮಾತ್ರ ಎರಡು ಬೀದಿ ದಾಟಿ ಲೈಬ್ರರಿಗೆ ಹೋಗಬೇಕು. ಮನೆಗೆಲ್ಲ ಒಂದೇ ಕಾರ್ಡು, ಅಮ್ಮನದು. ನಂಬರು ನಾನೂರ ಹನ್ನೆರಡು.

ಊಟಕ್ಕೆ ಕೂತಾಗ ಯಾರಾದರೂ ಒಂದು ಪ್ರಶ್ನೆ ಎತ್ತಬೇಕು. ಉತ್ತರದ ಬಾಲ ಹಿಡಿದು ಇನ್ನೊಬ್ಬರು ಮುಂದಿನದನ್ನು ಕೇಳಬೇಕು. ಉಪ್ಪಿನಿಂದ ಹೊರಟವರು ಸಮುದ್ರಕ್ಕೆ ಬಿದ್ದು, ಹಡಗು ಹತ್ತಿ, ಹಡಗಿನ ಇಲಿಗಳ ಜೊತೆ ದೂರದ ದ್ವೀಪದಲ್ಲಿ ಇಳಿಯುವಷ್ಟರಲ್ಲಿ ತಟ್ಟೆಯಲ್ಲಿ ಕೈ ಒಣಗಿರುತ್ತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅಪ್ಪ ಮಾತ್ರ ತುತ್ತಿಗಲ್ಲದೆ ಬಾಯಿ ಬಿಡುತ್ತಿರಲಿಲ್ಲ.

ಅಮ್ಮನ ಕೆಲಸ ಕಲ್ಲಿನ ಕಾರ್ಖಾನೆಯಲ್ಲಿ. ಅಡುಗೆಮನೆ ಕಟ್ಟೆಗೆ ಹಾಸುವ ಕಲ್ಲಿನ ಹಲಗೆಗಳನ್ನು ಅಲ್ಲಿ ಕೊಯ್ಯುತ್ತಿದ್ದರು. ಕೊಯ್ದ ಅಂಚನ್ನು ಮೆಷಿನ್ನಿನಿಂದ ಉಜ್ಜಿ ನುಣುಪು ಮಾಡುವುದು ಅವಳ ಪಾಲು. ಸಂಜೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳಂತೆ ಬರುತ್ತಿದ್ದಳು. ಅವಳ ಬಟ್ಟೆಯನ್ನು ಅಪ್ಪ ನಮ್ಮ ಕೈಗೆ ಕೊಡದೆ ತಾನೇ ಹಿತ್ತಲಿಗೆ ಒಯ್ದು ನೀರಿನಲ್ಲಿ ಅದ್ದುತ್ತಿದ್ದ. ಹೆಂಡತಿಯ ಮೇಲೆ ಎಷ್ಟು ಅಕ್ಕರೆ ಎಂದು ಪಕ್ಕದ ಮನೆಯವರು ಹೊಗಳುತ್ತಿದ್ದರು.

ನನಗೆ ಹನ್ನೆರಡು ವರ್ಷವಿದ್ದಾಗ ಒಂದು ದಿನ ಬಿಸಿ ನೀರು ಹಾಕಿದ ಗಾಜಿನ ಲೋಟ ಚಟ್ಟೆಂದು ಸೀಳಿತು. ಗಾಜು ಯಾಕೆ ಸೀಳುತ್ತದೆ ಎಂದು ಅಕ್ಕ ಶುರು ಮಾಡಿದಳು. ಗಾಜಿನಿಂದ ಮರಳಿಗೆ ಬಂದೆವು, ಮರಳಿನಿಂದ ಬೆಣಚುಕಲ್ಲಿಗೆ. ಕಾರ್ಖಾನೆಯ ಹಲಗೆಯಲ್ಲಿರುವುದೂ ಬೆಣಚುಕಲ್ಲೇ ಎಂದು ಅಮ್ಮನ ಬಾಯಿಂದ ಬಂದುಬಿಟ್ಟಿತು. ಬಾಲ ಹಿಡಿಯುವ ಸರದಿ ನನ್ನದು.

“ಹಾಗಾದ್ರೆ ಆ ಪುಡಿ ಮೂಗಿನೊಳಗೆ ಹೋದ್ರೆ ಏನಾಗುತ್ತೆ?”

ಅಮ್ಮ ಲೋಟದ ಚೂರುಗಳನ್ನು ಕಾಗದಕ್ಕೆ ಸುತ್ತುತ್ತಿದ್ದಳು. “ಅದಿರ್ಲಿ. ಮರಳುಗಾಡಲ್ಲಿ ಅಷ್ಟು ಮರಳು ಹಾರುತ್ತಲ್ಲ, ಒಂಟೆ ಏನ್ಮಾಡುತ್ತೆ ಗೊತ್ತಾ?”

ನಾವು ಒಂಟೆಯ ಬೆನ್ನು ಹತ್ತಿದೆವು. ಒಂಟೆ ನಮ್ಮ ಮೂರು ಸಂಪುಟಗಳಲ್ಲಿ ಇರಲಿಲ್ಲ. ಇಡೀ ವಾರ ಲೈಬ್ರರಿಗೆ ಅಲೆದೆವು.

ನಾನು ಕಾಲೇಜು ಸೇರುವ ಹೊತ್ತಿಗೆ ಅಮ್ಮನಿಗೆ ಕೆಮ್ಮು ಅಂಟಿಕೊಂಡಿತ್ತು. ಮೊದಲು ನೋಡಿದ ಡಾಕ್ಟರು ಕ್ಷಯ ಎಂದರು, ಎಂಟು ತಿಂಗಳು ಮಾತ್ರೆ ನುಂಗಿಸಿದರು. ಕೆಮ್ಮು ಹೋಗಲಿಲ್ಲ, ಅಮ್ಮ ಅರ್ಧವಾದಳು. ಆಮೇಲೆ ದೊಡ್ಡ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಏನು ಕೆಲಸ ಮಾಡ್ತಾರೆ ಎಂದು ಕೇಳಿದರು. ಅಕ್ಕ ಹೇಳಿದಳು. ಅವರು ಫಿಲ್ಮನ್ನು ನಿಧಾನವಾಗಿ ಕೆಳಗಿಟ್ಟು, ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಗಟ್ಟಿಕಟ್ಟಿದೆ, ಇದಕ್ಕೆ ಮದ್ದಿಲ್ಲ ಎಂದರು.

ನಾನು ಲೈಬ್ರರಿಗೆ ಓಡಿದೆ. ಕಷ್ಟ ಬಂದಾಗ ಹೋಗಲು ಬೇರೆ ಜಾಗ ನನಗೆ ಗೊತ್ತಿರಲಿಲ್ಲ. ಕೂಲಿಕಾರರ ಕಾಯಿಲೆಗಳ ಬಗ್ಗೆ ಒಂದೇ ಒಂದು ಪುಸ್ತಕವಿತ್ತು, ಯಾರೂ ಮುಟ್ಟದಂತೆ ಕಾಣುತ್ತಿದ್ದದ್ದು. ಕೊನೆಯ ಪುಟಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಒಂದೇ ನಂಬರು: ನಾನೂರ ಹನ್ನೆರಡು. ಅಮ್ಮ ಮೂರು ಸಲ ಒಯ್ದಿದ್ದಳು. ಮೂರೂ ತಾರೀಕು ಲೋಟ ಸೀಳಿದ್ದಕ್ಕಿಂತ ಹಿಂದಿನ ವರ್ಷದವು.

ಅಮ್ಮ ದಿಂಬುಗಳಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನಾನು ಚೀಟಿಯ ಮಾತು ಎತ್ತಿದೆ.

“ಗೊತ್ತಿತ್ತು ನಿಂಗೆ.”

“ಗೊತ್ತಿತ್ತು.”

“ನಮ್ಗೆ ಯಾಕಮ್ಮ ಹೇಳ್ಲಿಲ್ಲ?”

“ಹೇಳಿದ್ರೆ ಅಲ್ಲಿಗೇ ಬಿಡ್ತಿದ್ರಾ? ಒಂದು ತಿಳಿದ್ರೆ ಇನ್ನೊಂದು ಕೇಳೋದನ್ನ ನಾನೇ ಕಲಿಸಿದ್ದು.” ಕಷ್ಟಪಟ್ಟು ಉಸಿರು ಎಳೆದುಕೊಂಡಳು. “ಕೆಲಸ ಬಿಡಿಸ್ತಿದ್ರಿ. ಆಮೇಲೆ ನಿಮ್ಮನ್ನ ಒಂಬತ್ತಕ್ಕೆ ಬಿಡಿಸ್ಬೇಕಾಗ್ತಿತ್ತು.”

ಮೇಸ್ತ್ರಿಯನ್ನು ಅವಳು ಎರಡು ಸಲ ಕೇಳಿದ್ದಳಂತೆ, ಉಜ್ಜುವಾಗ ಕಲ್ಲಿಗೆ ನೀರು ಬಿಡಿ, ಧೂಳು ಏಳಲ್ಲ ಎಂದು. ನೀರು ಬಿಟ್ಟರೆ ಕೆಲಸ ನಿಧಾನವಾಗುತ್ತದೆ ಎಂದನಂತೆ. ಎರಡನೇ ಸಲ, ಓದಿಕೊಂಡವರು ಆಫೀಸು ಸೇರಬೇಕಪ್ಪ ಎಂದು ಎಲ್ಲರ ಮುಂದೆ ನಕ್ಕನಂತೆ. ಮೂರನೇ ಸಲ ಅವಳು ಕೇಳಲಿಲ್ಲ.

ಅದೇ ವರ್ಷ ಅಮ್ಮ ತೀರಿಕೊಂಡಳು. ಪರಿಹಾರ ಕೇಳಲು ಹೋದಾಗ ಕಾರ್ಖಾನೆಯವರು ನಾವೇ ಕೊಟ್ಟಿದ್ದ ಎಂಟು ತಿಂಗಳ ಮಾತ್ರೆ ಚೀಟಿಗಳನ್ನು ನಮ್ಮ ಮುಂದೆ ಹರಡಿ, ಇದು ಕ್ಷಯ ಅಂತ ನಿಮ್ಮ ಡಾಕ್ಟರೇ ಬರೆದಿದ್ದಾರಲ್ಲ ಎಂದರು. ಅಕ್ಕ ಒಂದಾದ ಮೇಲೊಂದು ಪ್ರಶ್ನೆ ಹಾಕಿದಳು. ಅವರು ಎಲ್ಲಕ್ಕೂ ತಲೆಯಾಡಿಸಿ ಟೀ ತರಿಸಿದರು.

ಬಸ್ಸಿಗೆ ಕಾಯುತ್ತ ನಿಂತಾಗ ಅಪ್ಪ ತಾನಾಗಿ ಬಾಯಿ ಬಿಟ್ಟ. “ಧೂಳಿನ ವಿಷ್ಯ ನಂಗೆ ಆಗ್ಲೇ ಹೇಳಿದ್ಲು. ಮಕ್ಕಳ ಓದು ಮುಗಿಯೋವರೆಗೆ ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು.”

ಅಕ್ಕ ಅವನ ಮುಖವನ್ನೇ ನೋಡಿದಳು. “ಬರೀ ಬಟ್ಟೆ ಒಗೆದು ಕೂತ್ಯಾ?” ಎಂದಳು. ಬಸ್ಸು ಬಂದಾಗ ಅವಳು ಹತ್ತಲಿಲ್ಲ, ನಡೆದುಕೊಂಡು ಬಂದಳು. ಆ ವಾರವೇ ಮೂರೂ ಸಂಪುಟಗಳನ್ನು ರದ್ದಿಗೆ ಹಾಕಿದಳು. ನಾನು ತಡೆಯಬಹುದಿತ್ತು, ತಡೆಯಲಿಲ್ಲ.

ಇಬ್ಬರ ಓದೂ ಮುಗಿದಿದೆ. ಅಕ್ಕ ಅಪ್ಪನೊಡನೆ ಈಗಲೂ ಮಾತಾಡುವುದಿಲ್ಲ. ಅವಳು ಮನೆಗೆ ಬಂದ ದಿನ ಊಟಕ್ಕೆ ಕೂತಾಗ, ಯಾರಾದರೂ ಪ್ರಶ್ನೆ ಎತ್ತುವ ಮೊದಲೇ ನಾನು ಟೀವಿ ಹಾಕುತ್ತೇನೆ, ಸ್ವಲ್ಪ ಜೋರಾಗಿಯೇ.