ಹಿಂದಿನ ಸೀಟಿನ ದುರ್ಬೀನು

ಕುಶಾಲಪ್ಪನಿಗೆ ಹೆಂಡತಿಯ ಮೇಲೆ ಸಂಶಯ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮಡಂತ್ಯಾರಿನ ರಿಕ್ಷಾ ಸ್ಟ್ಯಾಂಡಿನಲ್ಲಿ ಜನ ಬೇರೆಯೇ ಮಾತಾಡಿಕೊಂಡಿದ್ದರು. ಸಂಶಯವಾಗಿದ್ದರೆ ಅವನು ನಾಲ್ಕು ಮಾತು ಬೈದು, ಒಂದು ಹೊತ್ತು ಊಟ ಬಿಟ್ಟು ಸುಮ್ಮನಾಗುತ್ತಿದ್ದ. ಅವನಿಗಿದ್ದದ್ದು ಹೊಟ್ಟೆಕಿಚ್ಚು. ಊಟ ಬಿಟ್ಟರೆ ಅದು ಇನ್ನೂ ಉರಿಯುತ್ತದೆ.

ಅಂಜುವ ಮನುಷ್ಯನಲ್ಲ ಅವನು. ಸ್ಟ್ಯಾಂಡ್ ಎತ್ತಂಗಡಿ ಮಾಡಲು ಜೆಸಿಬಿ ಬಂದಾಗ ಅದರ ಮುಂದೆ ರಿಕ್ಷಾ ಅಡ್ಡ ನಿಲ್ಲಿಸಿ, ಕೀಲಿಯನ್ನು ಚರಂಡಿಗೆ ಎಸೆದವ. ಜೆಸಿಬಿ ವಾಪಸು ಹೋಯಿತು. ಆಮೇಲೆ ಆ ಕೀಲಿ ಹುಡುಕಲು ಸ್ಟ್ಯಾಂಡಿನ ಡ್ರೈವರುಗಳು ನಾವೆಲ್ಲ ಲುಂಗಿ ಎತ್ತಿ ಕಟ್ಟಿ ಚರಂಡಿಗೆ ಇಳಿದೆವು.

ಹೆಂಡತಿ ಹರಿಣಾಕ್ಷಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಎರಡು ವರ್ಷದ ಹಿಂದೆ ಅಳದಂಗಡಿಯ ಜಿನದತ್ತರು ಆ ಶಾಲೆಗೆ ಬಂದು ಮಕ್ಕಳಿಗೆ ಹಕ್ಕಿಗಳ ವಿಷಯ ಹೇಳಿದರು. ಇವಳು ಅಡುಗೆಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಕೇಳಿದಳು. ಆ ದಿನ ಸಾಂಬಾರು ತಳ ಹಿಡಿಯಿತು. ಇನ್ನೊಮ್ಮೆ ಬಂದಾಗ ಅವರು ತಮ್ಮ ಹಳೆಯ ದುರ್ಬೀನನ್ನು ಅವಳಿಗೆ ಕೊಟ್ಟರು. ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಅವರ ಜೊತೆ ಹಕ್ಕಿ ನೋಡಲು ಹೊರಡುವುದು, ಕರಿಮಣಿಯ ಮೇಲೆ ದುರ್ಬೀನಿನ ಪಟ್ಟಿ.

ಜಿನದತ್ತರ ಮನೆಗೆ ಕುಶಾಲಪ್ಪನ ಅಪ್ಪ ಗೇಣಿ ಅಕ್ಕಿ ಹೊತ್ತವ. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದಾಗ ಡಿಕ್ಲರೇಶನ್ ಕೊಟ್ಟು ಗದ್ದೆ ಬಿಡಿಸಿಕೊಂಡವ.

“ಗದ್ದೆ ನಮಗಾಯ್ತು ಮಾರಾಯ್ರೆ, ಸರಿ. ಈಗ ಒಂದು ಹಳೇ ದುರ್ಬೀನು ಕೊಟ್ಟು ನನ್ನ ಭಾನುವಾರವನ್ನು ತಗೊಂಡು ಹೋದರಲ್ಲ, ಅದಕ್ಕೆ ಯಾವ ಕೋರ್ಟಿಗೆ ಹೋಗುವುದು?” ಎಂದು ಅವನು ನನ್ನನ್ನು ಕೇಳಿದ್ದುಂಟು.

ನವರಾತ್ರಿ ಕಳೆದ ಮೇಲಿನ ಭಾನುವಾರ ಅವನು ಇಬ್ಬರನ್ನೂ ತನ್ನ ರಿಕ್ಷಾದಲ್ಲೇ ಕರೆದುಕೊಂಡು ಹೊರಟ. ತಾನೇ ಹೋದರೆ ಕಣ್ಣಳತೆಯಲ್ಲಿ ಇರುತ್ತಾರೆ ಎಂಬ ಲೆಕ್ಕ. ಬಾಡಿಗೆ ಬೇಡ ಎಂದೂ ಹೇಳಿದ. ಬಾಡಿಗೆ ತೆಗೆದುಕೊಂಡರೆ ಡ್ರೈವರ್, ಬಿಟ್ಟರೆ ಗಂಡ. ಆದರೆ ಅಳದಂಗಡಿಯಲ್ಲಿ ಜಿನದತ್ತರು ಹತ್ತಿ ಹಿಂದಿನ ಸೀಟಿನಲ್ಲಿ ಕೂತ ಮೇಲೆ “ಸ್ವಲ್ಪ ನಿಲ್ಲಿಸಿ”, “ಇನ್ನೂ ಒಂಚೂರು ಮುಂದೆ” ಎಂಬ ಎರಡೇ ಮಾತು ಅವನ ಪಾಲಿಗೆ ಬಂದವು. ಬಾಡಿಗೆ ಬಿಟ್ಟೂ ಡ್ರೈವರ್ ಆದ.

ಮಳೆಗಾಲದ ಏಣೆಲು ಪೈರು ಹಣ್ಣಾಗಿತ್ತು. ಕೆಲವು ಗದ್ದೆಗಳ ಕೊಯ್ಲು ಮುಗಿದು, ಕೂಳೆಯ ನಡುವೆ ನಿಂತ ನೀರಿನಲ್ಲಿ ಬೆಳ್ಳಕ್ಕಿಗಳು ಹೆಜ್ಜೆ ಎಣಿಸಿಕೊಂಡು ನಡೆಯುತ್ತಿದ್ದವು. ಬಡಗು ದೇಶದಿಂದ ಬಂದ ಸಿಪಿಲೆ ಹಕ್ಕಿಗಳು ಬಾಲ ಕುಣಿಸುತ್ತ ಗದ್ದೆಯಂಚಿನ ಹುಣಿಯ ಮೇಲೆ ಓಡಾಡುತ್ತಿದ್ದವು. ಹಿಂದಿನಿಂದ ಹರಿಣಾಕ್ಷಿಯ ಪಿಸುಮಾತು ಕೇಳುತ್ತಿತ್ತು: “ನೋಡಿ, ನೋಡಿ. ಅಲ್ಲಿ, ಹುಣಿಯ ತುದಿಯಲ್ಲಿ!”

ಕುಶಾಲಪ್ಪನನ್ನು ಸುಟ್ಟದ್ದು ಆ ‘ನೋಡಿ’. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಅವನಿಗೆ ‘ನೋಡಿ’ ಎಂದದ್ದು ಸೋರುವ ಮಾಡು, ಮುಗಿದ ಗ್ಯಾಸ್, ಕರೆಂಟು ಬಿಲ್ಲು ತೋರಿಸಲು ಮಾತ್ರ. ಇಷ್ಟು ಸಣ್ಣ ದನಿಯಲ್ಲಿ, ಉಸಿರು ಹಿಡಿದು, ಒಂದು ಒಳ್ಳೆಯ ವಸ್ತುವನ್ನು ತೋರಿಸಿ ‘ನೋಡಿ’ ಎಂದದ್ದು ಅವನಿಗೆ ನೆನಪಿಲ್ಲ. ಆ ಮಾತು ಒಮ್ಮೆ ತನಗೆ ಬೇಕಿತ್ತು. ಅದು ಪ್ರತಿ ಸಲವೂ ಜಿನದತ್ತರಿಗೇ ಹೋಗುತ್ತಿತ್ತು.

ಒಂದು ದೊಡ್ಡ ಗಿಡುಗ ಗದ್ದೆಯ ಮೇಲೆ ತಗ್ಗಿನಲ್ಲಿ ತೇಲಿ ಬಂತು. ಇಬ್ಬರೂ ದುರ್ಬೀನು ಎತ್ತಿದರು. ಕುಶಾಲಪ್ಪ ಹಾರ್ನ್ ಒತ್ತಿದ. ಗಿಡುಗ ಎತ್ತಲೋ ಹೋಯಿತು.

“ಹಾರ್ನ್ ಯಾಕೆ ಹಾಕಿದ್ದು?” ಹರಿಣಾಕ್ಷಿ ಕೇಳಿದಳು.

“ನಾಯಿ ಅಡ್ಡ ಬಂತು.”

“ರಿಕ್ಷಾ ನಿಂತಿತ್ತಲ್ಲ?”

“ನಿಂತ ರಿಕ್ಷಾಕ್ಕೆ ನಾಯಿ ಅಡ್ಡ ಬರಬಾರದು ಅಂತ ಉಂಟಾ?”

ಜಿನದತ್ತರು ನಕ್ಕರು. ಆ ನಗುವೂ ಅವನಿಗೆ ಹಿಡಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂಡುಬಿದಿರೆಯ ಹೊರಗೆ, ತಾವರೆ ಹಬ್ಬಿದ ಒಂದು ಕೆರೆಯ ದಂಡೆಗೆ ಬಂದರು. ಮೊದಲು ಊಟ. ಹರಿಣಾಕ್ಷಿ ಬುತ್ತಿ ಬಿಚ್ಚಿದಳು. ಅಲಸಂಡೆ ಪಲ್ಯ, ಸೌತೆಕಾಯಿ ಹುಳಿ. ಎರಡರಲ್ಲೂ ನೀರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಜಿನದತ್ತರು ಜೈನರು, ಅವೆರಡನ್ನೂ ತಿನ್ನುವುದಿಲ್ಲ.

“ನನ್ನದಕ್ಕಾದರೂ ಹಾಕಬಹುದಿತ್ತಲ್ಲ?”

“ಎರಡೆರಡು ಪಲ್ಯ ಯಾರು ಮಾಡುವುದು? ಒಂದು ದಿನ ತಿನ್ನಿ.”

“ಗ್ಯಾಸ್ಟ್ರಿಕ್ ಉಂಟು, ಖಾರ ಕಮ್ಮಿ ಮಾಡು ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದ್ದೇನೆ? ಇವರಿಗಾದರೆ ಕೇಳದೆಯೇ ಮಾಡಿ ತಂದಿದ್ದೀ.”

“ಇವರು ಒಮ್ಮೆ ಹೇಳಿದರು. ನೀವು ದಿನಾ ಹೇಳ್ತೀರಿ. ದಿನಾ ಹೇಳಿದ್ದು ಯಾರ ಕಿವಿಗೆ ಹೋಗ್ತದೆ?”

ಊಟದ ನಂತರ ಜಿನದತ್ತರು ಆ ಕೆರೆಗೆ ಬಂದ ಕಾರಣ ಹೇಳಿದರು. ಅಲ್ಲಿ ದೇವನಕ್ಕಿ ಉಂಟು. ಕಾಲಿನ ಬೆರಳು ಎಷ್ಟು ಉದ್ದವೆಂದರೆ ತಾವರೆ ಎಲೆಯ ಮೇಲೆ ಮುಳುಗದೆ ನಡೆಯುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಹತ್ತಿರ ಹೋಗುತ್ತದೆ, ಅಲ್ಲಿಂದ ಮತ್ತೊಂದರ ಹತ್ತಿರ. ಕಾವು ಕೂರುವುದು, ಮರಿ ಸಾಕುವುದು ಎಲ್ಲ ಗಂಡಿನ ಕೆಲಸ.

“ಒಳ್ಳೆ ಹಕ್ಕಿ ತೋರಿಸ್ತೀರಿ ಸರ್, ನನ್ನ ಹೆಂಡತಿಗೆ” ಎಂದ ಕುಶಾಲಪ್ಪ.

ಹರಿಣಾಕ್ಷಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ಮುಗಿಸಲು ಬಹಳ ಹೊತ್ತು ತೆಗೆದುಕೊಂಡಳು.

“ಅಪಾಯ ಬಂದರೆ ಆ ಅಪ್ಪ ಮರಿಗಳನ್ನು ರೆಕ್ಕೆಯ ಅಡಿಗೆ ಸಿಕ್ಕಿಸಿಕೊಂಡು ನಡೀತದೆ” ಎಂದರು ಜಿನದತ್ತರು. “ಅದನ್ನು ನೋಡ್ಬೇಕು ಅಂತ ಪ್ರತೀ ವರ್ಷ ಬರ್ತೇನೆ. ಒಮ್ಮೆಯೂ ಸಿಗಲಿಲ್ಲ.”

“ಇವತ್ತು ಸಿಗ್ತದೆ ಸರ್” ಎಂದಳು ಹರಿಣಾಕ್ಷಿ. ಅವಳ ಮುಖ ನೋಡಿ ಕುಶಾಲಪ್ಪನಿಗೆ ಮತ್ತೊಮ್ಮೆ ಹೊಟ್ಟೆ ಉರಿಯಿತು. ಅದರಲ್ಲಿ ಖಾರದ ಪಾಲೂ ಇತ್ತು.

ಬಿಸಿಲು ಎದುರಿಗೆ ಹೊಡೆಯುತ್ತದೆಂದು ಅವರಿಬ್ಬರು ಕೆರೆಯ ಆಚೆ ದಂಡೆಗೆ ಹೋದರು. ಕುಶಾಲಪ್ಪ ಈಚೆ ಉಳಿದ. ಸ್ವಲ್ಪ ಹೊತ್ತಿನಲ್ಲಿ ಮೂತ್ರಕ್ಕೆ ಅವಸರವಾಗಿ ಕೇದಗೆ ಪೊದೆಯ ಹಿಂದೆ ನಿಂತ. ಅರ್ಧ ಆಗಿರಬಹುದು, ಎದುರಿನ ಎಲೆಯ ಮೇಲೆ ಒಂದು ಹಕ್ಕಿ ನಡೆದುಬಂತು. ಕಪ್ಪು ಕುತ್ತಿಗೆ, ಕಂಚಿನ ಬೆನ್ನು. ಅದಕ್ಕೆ ತುಂಬ ಕಾಲುಗಳಿದ್ದವು. ಎರಡು ಕೆಳಗೆ ನಡೆಯುತ್ತಿದ್ದವು, ಉಳಿದವು ರೆಕ್ಕೆಯ ಅಡಿಯಿಂದ ನೂಲಿನ ಹಾಗೆ ನೇತಾಡುತ್ತಿದ್ದವು.

ಕೈ ಬೀಸುವ ಹಾಗಿರಲಿಲ್ಲ, ಕೈಗೆ ಬೇರೆ ಕೆಲಸವಿತ್ತು. ಆದರೆ ಬಾಯಿ ಖಾಲಿ ಇತ್ತು. ಒಂದು ಕೂಗು ಹಾಕಿದರೆ ಸಾಕಿತ್ತು. ಹಾಕಲಿಲ್ಲ. ಹಕ್ಕಿ ಮರಿಗಳನ್ನು ಹೊತ್ತುಕೊಂಡು ಜೊಂಡಿನೊಳಗೆ ಹೋಯಿತು. ಆಚೆ ದಂಡೆಯಲ್ಲಿ ಇಬ್ಬರೂ ಬೇರೆಲ್ಲೋ ದುರ್ಬೀನು ಹಿಡಿದು ನಿಂತಿದ್ದರು.

ಸಂಜೆಯವರೆಗೆ ಕಾದರು, ಏನೂ ಸಿಗಲಿಲ್ಲ. ಜಿನದತ್ತರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಮೂಡುಬಿದಿರೆಯಲ್ಲಿ ಮಗಳು ಅನಿಷಾಳ ಮನೆ, ಆ ರಾತ್ರಿ ಅಲ್ಲೇ ಉಳಿಯುವವರು. ಮಗಳು ಫೋನ್ ಮೇಲೆ ಫೋನ್ ಮಾಡಿ ಕರೆದಳು. ಅವರನ್ನು ಗೇಟಿನ ಮುಂದೆ ಇಳಿಸಿ ರಿಕ್ಷಾ ತಿರುಗಿಸಿದಾಗ ಹರಿಣಾಕ್ಷಿ ಹೇಳಿದಳು: “ಪಾಪ, ಸರ್‌ಗೆ ಈ ವರ್ಷವೂ ಸಿಗಲಿಲ್ಲ.”

ಆ ‘ಪಾಪ’ ಕುಶಾಲಪ್ಪನಿಗೆ ತಡೆಯಲಾಗಲಿಲ್ಲ.

“ನಾನು ನೋಡಿದೆ.”

“ಎಂತದನ್ನು?”

“ನಿಮ್ಮ ಹಕ್ಕಿಯನ್ನು. ಮರಿ ಕಂಕುಳಲ್ಲಿ ಇಟ್ಕೊಂಡು ಹೋಗ್ತಿತ್ತು. ಮೂತ್ರಕ್ಕೆ ಹೋದಾಗ.”

ಹಿಂದಿನ ಸೀಟಿನಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಅದು ತುಳುವಿನಲ್ಲಿತ್ತು, ಅವನ ಅಪ್ಪನವರೆಗೂ ಹೋಗಿತ್ತು. ಕೊನೆಗೆ ಅವಳು “ತಿರುಗಿಸಿ ರಿಕ್ಷಾ” ಎಂದಳು.

ಕೆರೆಗೆ ಬಂದಾಗ ಬಿಸಿಲು ಬಹಳ ತಗ್ಗಿತ್ತು. ಕೇದಗೆ ಪೊದೆಯ ಹಿಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು.

“ಇಲ್ಲೇನಾ ನೀವು…?”

“ಇಲ್ಲೇ. ಕಾಲು ನೋಡಿಕೊಂಡು ಇಡು.”

ಮೊದಲು ಮರಿಗಳು ಬಂದವು, ಹತ್ತಿಯ ಉಂಡೆಗೆ ಕಾಲು ಸಿಕ್ಕಿಸಿದ ಹಾಗೆ. ಹಿಂದಿನಿಂದ ಅಪ್ಪ ಬಂತು. ಮೇಲೆ ಎಲ್ಲೋ ಒಂದು ಗಿಡುಗ ಸುತ್ತಿತು. ಅಪ್ಪ ಮಂಡಿ ಮಡಚಿ ತಗ್ಗಿತು, ರೆಕ್ಕೆ ಸಡಿಲಿಸಿತು. ಮರಿಗಳು ಒಳಗೆ ನುಗ್ಗಿದವು. ಅದು ಎದ್ದು ಹೊರಟಾಗ ಆ ನೂಲಿನಂಥ ಕಾಲುಗಳೆಲ್ಲ ಕೆಳಗೆ ನೇತಾಡಿದವು.

ಹರಿಣಾಕ್ಷಿ ಅವನ ಭುಜಕ್ಕೆ ಗುದ್ದಿದಳು. ನೋವಾಗುವ ಹಾಗೆಯೇ ಗುದ್ದಿದಳು.

“ನೋಡಿ!” ಎಂದಳು ಉಸಿರು ಹಿಡಿದು. “ನೋಡಿ, ನೋಡಿ!”

ಕುಶಾಲಪ್ಪ ನೋಡಿದ. ಹಕ್ಕಿಯನ್ನಲ್ಲ, ಹಕ್ಕಿ ಅವನು ಆಗಲೇ ನೋಡಿಯಾಗಿತ್ತು. ಅವಳನ್ನು ನೋಡಿದ. ಅಷ್ಟರಲ್ಲಿ ಅವಳು ಮೊಬೈಲ್ ತೆಗೆದಾಗಿತ್ತು.

“ಸರ್! ಸಿಕ್ಕಿತು ಸರ್! ಮರಿ ಎತ್ಕೊಂಡು ಹೋಯ್ತು! ಇವರು ಮಧ್ಯಾಹ್ನವೇ ನೋಡಿದ್ದಂತೆ!”

“ಸ್ಪೀಕರಿಗೆ ಹಾಕು” ಎಂದ ಕುಶಾಲಪ್ಪ.

ಆಚೆ ತಟ್ಟೆಯ ಸದ್ದು ನಿಂತಿತು. “ಮಧ್ಯಾಹ್ನವೇ?” ಎಂದರು ಜಿನದತ್ತರು. “ಹಾಗಾದರೆ ನನಗೆ ಒಂದು ಕೂಗು ಹಾಕಬಹುದಿತ್ತಲ್ಲ, ಕುಶಾಲಪ್ಪ?”

ಆ ದನಿ ಕುಶಾಲಪ್ಪನಿಗೆ ಚೆನ್ನಾಗಿ ಪರಿಚಯವಿತ್ತು. ಬೆಳಗಿನಿಂದ ಅವನ ಹೊಟ್ಟೆಯೊಳಗೆ ಅದೇ ಮಾತಾಡಿಕೊಂಡಿತ್ತು.

“ಕೈ ಖಾಲಿ ಇರಲಿಲ್ಲ ಸರ್” ಎಂದ.

ಜಿನದತ್ತರು ಕೇಳಿದರು: “ಬರುವ ಭಾನುವಾರ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗ್ತೀರಾ? ಆ ಜಾಗ ನೀವೇ ತೋರಿಸ್ಬೇಕು.”

“ಬಾಡಿಗೆ ಉಂಟಾ ನೋಡ್ಬೇಕು.”

ಬಾಡಿಗೆ ಇರಲಿಲ್ಲ, ಹೋದರು. ಜಿನದತ್ತರು ಕೇದಗೆ ಪೊದೆಯ ಹಿಂದೆ, ಆ ಜಾಗದ ವಾಸನೆಯನ್ನೂ ಲೆಕ್ಕಿಸದೆ, ಕುಶಾಲಪ್ಪ ಬೆರಳು ತೋರಿಸಿದಲ್ಲೇ ಕೂತು ಕಾದರು. ಹಕ್ಕಿ ಬರಲಿಲ್ಲ. ಮಗಳ ಫೋನ್ ಬಂತು.

“ಪಾಪ” ಎಂದ ಕುಶಾಲಪ್ಪ.

ಅಂಥ ತೃಪ್ತಿಯ ಮಾತು ಅವನ ಬಾಯಿಂದ ಸ್ಟ್ಯಾಂಡ್ ಉಳಿದ ದಿನವೂ ಬಂದಿರಲಿಕ್ಕಿಲ್ಲ. ಆದರೆ ಇದನ್ನು ನನಗೆ ಹೇಳುವಾಗ ಅವನ ಮುಖ ಮತ್ತೆ ಗಂಟಾಗಿತ್ತು. ಆ ದಿನದ ಬುತ್ತಿಯಲ್ಲೂ ನೀರುಳ್ಳಿ ಇರಲಿಲ್ಲವಂತೆ.