ಹಲಗೆಯ ಕೆಳಗಿನ ಕಾವಲು

ಬಿಸಿಲಿಗೆ ಸೋಲುವುದು ಮುದುಕರ ಹಕ್ಕು ಎಂದು ನಾನು ಬಹಳ ದಿನ ನಂಬಿದ್ದೆ. ಕೃಷ್ಣೆಯಲ್ಲಿ ಮೇವು ಸಾಗಿಸುವ ಹಾಯಿದೋಣಿ ನನ್ನದು. ಹಾಯಿ ಎಂದರೆ ದೊಡ್ಡದೇನಲ್ಲ, ಬಿದಿರಿಗೆ ಬಿಗಿದ ತಾಡಪತ್ರಿ. ಮೇಲಿನ ಹಲಗೆಗಳ ಕೆಳಗೆ ಒಬ್ಬರು ಕಾಲು ಚಾಚುವಷ್ಟು ನೆರಳಿದೆ. ಕಳ್ಳರಿಗಾಗಿ ಅಂಗಡಿಗಳಲ್ಲಿ ಇಡುತ್ತಾರಲ್ಲ, ಅಂಥ ಕ್ಯಾಮೆರಾ ಒಂದನ್ನು ರಂಗಂಪೇಟೆಗೆ ಕೊಟ್ಟ ನನ್ನ ಮಗಳು ಶಹಾಪುರದಿಂದ ತಂದು ದೋಣಿಯ ಮುಂತುದಿಗೆ ಕೂರಿಸಿದಳು. ಗಾಳಿ ಹದವಾಗಿದ್ದಾಗ ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿ, ಕೆಳಗೆ ಮಲಗಿ, ಎದೆಯ ಮೇಲಿನ ಮೊಬೈಲಿನಲ್ಲಿ ಅದರ ಚಿತ್ರ ನೋಡುತ್ತ ಹೊಳೆ ಕಾಯತೊಡಗಿದೆ. ಇಂಥ ಸುಖ ಸುರಪುರದ ಅರಸರಿಗೂ ಇರಲಿಲ್ಲ ಎನಿಸುತ್ತಿತ್ತು.

ಅರಸರ ನೆನಪಾದವನಿಗೆ ಅವರ ಕಾವಲುಗಾರರ ನೆನಪೂ ಆಗಬೇಕಿತ್ತು. ಕೋಟೆಯ ಬುರುಜಿನವರು ಸುಮ್ಮನೆ ಕಣ್ಣು ತೆರೆದುಕೊಂಡು ಕೂತಿರುತ್ತಿರಲಿಲ್ಲ ಎಂದು ನನ್ನಜ್ಜ ಹೇಳುತ್ತಿದ್ದ. ಒಬ್ಬ ‘ಹುಷಾರ್’ ಎಂದರೆ ಮುಂದಿನ ಬುರುಜಿನವನೂ ‘ಹುಷಾರ್’ ಎನ್ನಬೇಕು. ಜೋಳದ ಹೊಲದ ಅಟ್ಟದ ಮೇಲಿನವರೂ ಕೂಗುತ್ತಾರೆ. ನಮ್ಮ ಹೊಳೆಯಲ್ಲೂ ಅದೇ ರೂಢಿ: ಎದುರಿಗೆ ಹರಿಗೋಲು ಕಂಡರೆ ‘ಹೋಯ್’ ಎಂದು ಒದರಬೇಕು, ಅತ್ತಲಿಂದ ಉತ್ತರ ಬರಬೇಕು.

ನನ್ನೊಡನೆ ಹೈಸ್ಕೂಲು ಓದಿದ ಯಮನಪ್ಪ ಮೀನು ಹಿಡಿಯುತ್ತಾನೆ. ಅವನ ಎರಡೂ ಕಣ್ಣು ಮಂಜಾಗಿವೆ. ಕೈಯಿಂದ ಬಲೆ ತಡವುತ್ತಾನೆ, ಕಿವಿಯಿಂದ ದಾರಿ ಹಿಡಿಯುತ್ತಾನೆ. ಆ ಮಧ್ಯಾಹ್ನ ಅವನ ಹರಿಗೋಲು ಮೊಬೈಲಿನಲ್ಲಿ ಸ್ಪಷ್ಟವಾಗಿ ಕಂಡಿತು. ಎಂದಿನಂತೆ ಸರಿಯುತ್ತಾನೆ ಎಂದುಕೊಂಡೆ. ಎಂದಿನಂತೆ ಸರಿಯುತ್ತಿದ್ದುದು ನನ್ನ ಕೂಗು ಕೇಳಿ ಎಂಬುದು ಹೊಳೆಯಲೇ ಇಲ್ಲ.

ದಡ್ ಎಂಬ ಸದ್ದಿಗೆ ಮೇಲೆ ಬಂದೆ. ಯಮನಪ್ಪ ನೀರಿನಲ್ಲಿ ಹರಿಗೋಲಿನ ಅಂಚು ಹಿಡಿದು ಜೋತಾಡುತ್ತಿದ್ದ. ರಟ್ಟೆ ಹಿಡಿದು ಮೇಲೆಳೆದ ನಾನು ಮೊದಲು ಕೇಳಿದ್ದೇನು ಗೊತ್ತೆ?

“ಯಾಕ ಸರಿಲಿಲ್ಲಲೇ?”

ನೀರು ಕಾರಿಕೊಳ್ಳುತ್ತ ಅವನೆಂದ: “ನೀ ಯಾಕ ಒದರಲಿಲ್ಲಲೇ?”

ದಂಡೆಯಲ್ಲಿ ಜನ ಸೇರಿದಾಗ, ಗಾಳಿ ಒಮ್ಮೆಲೇ ತಿರುಗಿತು ಎಂದೆ. ಯಮನಪ್ಪ ಬಾಯಿ ಬಿಡಲಿಲ್ಲ. ಕಣ್ಣಿಲ್ಲದವನು ಹೊಳೆಗೆ ಯಾಕೆ ಇಳಿಯಬೇಕು ಎಂದು ಎಲ್ಲರೂ ಅವನನ್ನೇ ಅಂದರು. ಅವನ ಮಗ ಹರಿಗೋಲನ್ನು ದಂಡೆಗೆಳೆದು ಬೋರಲು ಹಾಕಿಬಿಟ್ಟ. ನನ್ನ ಒಂದು ಸುಳ್ಳು ಅವನಿಂದ ಹೊಳೆಯನ್ನೇ ಕಸಿದುಕೊಂಡಿತು.

ಮನೆಯಲ್ಲಿ ನಿಜ ಗೊತ್ತಿದ್ದದ್ದು ಹೆಂಡತಿ ನಾಗಮ್ಮನಿಗೆ ಮಾತ್ರ. ಒಂದು ದಿನ ರೊಟ್ಟಿ ಬಡಿಯುತ್ತ ಅಂದಳು: “ಗಾಳಿ ಮ್ಯಾಲ ಹಾಕಿ ಕುಂತೀರಿ. ಗಾಳಿ ಬಂದು ಜವಾಬು ಕೊಡೂದಿಲ್ಲಂತ ಧೈರ್ಯ ಏನ್ರಿ?”

ರೊಟ್ಟಿಯ ತಾಟು ಸರಿಸಿದೆ. ಎದ್ದು ದಂಡೆಗೆ ಹೋದೆ. ಮೇವಿಗೆ ಕಾದು ನಿಂತವರ ಮುಂದೆ, ಬಲೆ ಬಿಡಿಸುತ್ತಿದ್ದ ಯಮನಪ್ಪನ ಮಗನ ಮುಂದೆ ಹೇಳಿದೆ: “ಅವತ್ತ ಗಾಳಿ ತಿರುಗಿರಲಿಲ್ರೆಪಾ. ನಾ ಕೆಳಗ ನೆರಳಾಗ ಮಲಗಿದ್ದೆ. ಅವನ್ನ ನೋಡೀನೂ ಒದರಲಿಲ್ಲ. ತಪ್ಪು ನಂದು.”

ಮಗ ನನ್ನತ್ತ ನೋಡಲೂ ಇಲ್ಲ. ಹೋಗಿ ಹರಿಗೋಲನ್ನು ಮಗುಚಿ ನೀರಿಗೆ ತಳ್ಳಿದ.

ಕ್ಯಾಮೆರಾ ಈಗಲೂ ಅಲ್ಲೇ ಇದೆ. ಅದರ ತಪ್ಪೇನಿಲ್ಲ, ತನ್ನ ಪಾಲಿನ ಕೆಲಸವನ್ನು ಅದು ಮಾಡಿಯೇ ಇತ್ತು. ಮರುದಿನ ತಲೆಗೆ ಟವೆಲ್ಲು ಸುತ್ತಿ, ಬಿಸಿಲಿನಲ್ಲಿ ನಿಂತು, ದೂರದ ಹರಿಗೋಲು ಕಂಡೊಡನೆ ಒದರಿದೆ. ಉತ್ತರ ಬರಲಿಲ್ಲ. ಮತ್ತೆ ಒದರಿದೆ, ಗಂಟಲು ಹರಿಯುವಂತೆ.

“ಕೇಳಿಸ್ತಲೇ! ಕಣ್ಣು ಹೋಗ್ಯಾವ, ಕಿವಿ ಇನ್ನಾ ಅದಾವ. ಮೀನು ಓಡಿಸಬ್ಯಾಡ!”

ನಾನೊಂದಿಷ್ಟು ಸರಿದೆ, ಅವನೊಂದಿಷ್ಟು ಸರಿದ. ಹೊಳೆ ಇಬ್ಬರಿಗೂ ಸಾಕಾಗುವಷ್ಟು ಅಗಲವಿತ್ತು.